ಮುಂದಿನ ಪುಟದಲ್ಲಿ ನೋಡಿ

ಮುಖ್ಯ ಗ್ರಂಥಪಾಲಕ ಹೇಡಿ. ಈ ಮಾತನ್ನು ಸುತ್ತಿ ಬಳಸಿ ಹೇಳಲು ಸಹಾಯಕ ಗ್ರಂಥಪಾಲಕಿಗೆ ಯಾವ ಕಾರಣವೂ ಕಾಣುತ್ತಿರಲಿಲ್ಲ. ಹೇಡಿಗಳಲ್ಲಿ ಓಡಿಹೋಗುವವರಿದ್ದಾರೆ, ಓಡುವುದಕ್ಕೂ ಒಂದು ನಿರ್ಧಾರ ಬೇಕು, ಕಾಲಿನಲ್ಲಿ ಕಸುವು ಬೇಕು. ಈತನಿಗೆ ಅದೂ ಇರಲಿಲ್ಲ. ಕೂತಲ್ಲೇ ಕೂತು, ಎದುರಿಗಿದ್ದವರು ಏನು ಹೇಳಿದರೂ ಕೋಲೆ ಬಸವನ ಹಾಗೆ ತಲೆಯಾಡಿಸಿ "ಹೂಂ ಸಾರ್" ಎನ್ನುತ್ತಿದ್ದ. ಎದುರಿಗೆ ಹೆಂಗಸಿದ್ದಾಗಲೂ ಒಮ್ಮೊಮ್ಮೆ ಬಾಯಿ ತಪ್ಪಿ ಅದೇ ಮಾತು ಬರುತ್ತಿತ್ತು. ಹುಡುಗರು ಇಟ್ಟ ಅಡ್ಡಹೆಸರೂ ಅದೇ: ಹೂಂಸಾರ್. ಅದು ಆತನ ಕಿವಿಗೂ ಬಿದ್ದಿತ್ತು. ಅದಕ್ಕೂ ಹೂಂ ಎಂದಿರಬೇಕು.

ಹೇಡಿತನವನ್ನಾದರೂ ಆಕೆ ಸಹಿಸಿಕೊಂಡಾಳು, ಆ ಹೆಬ್ಬೆರಳನ್ನಲ್ಲ. ಕಾಗದ ಎಣಿಸುವಾಗ, ಪುಟ ತಿರುವುವಾಗ ಆತ ನಾಲಿಗೆಯನ್ನು ಅರ್ಧ ಹೊರಗೆ ಹಾಕಿ, ಬಲಗೈ ಹೆಬ್ಬೆರಳನ್ನು ಅದರ ಮೇಲೆ ಒತ್ತಿ ಎಳೆದುಕೊಳ್ಳುತ್ತಿದ್ದ. ಮೂಲೆ ಒದ್ದೆಯಾದ ಕಾಗದ ಮೇಜು ದಾಟಿ ಆಕೆಯ ಕೈಗೆ ಬರುತ್ತಿತ್ತು. ಮೊದಮೊದಲು ಕರವಸ್ತ್ರದಲ್ಲಿ ಹಿಡಿದುಕೊಳ್ಳುತ್ತಿದ್ದಳು. ಆಮೇಲೆ ಒಣಗುವ ತನಕ ಮುಟ್ಟದೆ ಇರುವುದನ್ನು ರೂಢಿ ಮಾಡಿಕೊಂಡಳು. ಹಳೆಯ ಪುಸ್ತಕಗಳ ಕಂದಿದ ಮೂಲೆಗಳನ್ನು ನೋಡಿ, ಈತ ಇಷ್ಟು ವರ್ಷದಲ್ಲಿ ಎಷ್ಟು ಪುಸ್ತಕ ನೆಕ್ಕಿರಬಹುದೆಂದು ಲೆಕ್ಕ ಹಾಕುವಳು. ಓದಿದ್ದು ಎಷ್ಟೆಂಬ ಲೆಕ್ಕ ಹಾಕುವ ಅಗತ್ಯ ಬಿದ್ದಿರಲಿಲ್ಲ.

ಆತ ಗ್ರಂಥಾಲಯಕ್ಕೆ ಬಂದದ್ದೂ ಹೂಂ ಎಂದೇ. ಮಾವ ಕಾಲೇಜು ಆಫೀಸಿನಲ್ಲಿ ಹೆಡ್ ಕ್ಲರ್ಕ್. ಅಳಿಯನಿಗೆ ಒಂದು ನೆಲೆ ಕಾಣಿಸಬೇಕೆಂದು ಅಂದಿನ ಪ್ರಿನ್ಸಿಪಾಲರ ಮುಂದೆ ತಂದು ನಿಲ್ಲಿಸಿದ. ಅವರು ತಲೆಯೆತ್ತದೆ "ಲೈಬ್ರರಿ ಆಗುತ್ತೇನಯ್ಯಾ?" ಎಂದರು. ಈತ ಹೂಂ ಎಂದ. ಪದವಿಯನ್ನು ಆಮೇಲೆ ಅಂಚೆಯಲ್ಲಿ ಸಂಪಾದಿಸಿದ. ಹಿಂದಿನವರು ನಿವೃತ್ತರಾದರು, ಇನ್ನೊಬ್ಬರು ಸತ್ತರು, ಈತ ಮೇಲೆ ಬಂದ. ನೀರಿನಲ್ಲಿ ಬೆಂಡು ಮೇಲೆ ಬರುವುದಕ್ಕೆ ಈಜು ಕಲಿಯಬೇಕಿಲ್ಲ. ಪುಸ್ತಕದ ಏಜೆಂಟರಿಗೆ ಈತನೆಂದರೆ ಹಬ್ಬ. ಒಂದೇ ವಿಶ್ವಕೋಶದ ಮೂರು ಪ್ರತಿಗಳು ಕೆಳಗಿನ ಕಪಾಟಿನಲ್ಲಿ ಇನ್ನೂ ಪ್ಲಾಸ್ಟಿಕ್ ಹೊದ್ದು ಕೂತಿವೆ. ಮೂವರು ಏಜೆಂಟರು ಬಂದಿದ್ದರು, ಮೂವರಿಗೂ ಹೂಂ ಸಿಕ್ಕಿತ್ತು.

ಒಮ್ಮೆ ಆತನ ಹೆಂಡತಿ ಮರೆತುಹೋದ ಕನ್ನಡಕ ಕೊಡಲು ಬಂದವಳು ಕೌಂಟರಿನಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: "ಇವ್ರ ಬಾಯಲ್ಲಿ ಬೇಡ ಅನ್ನೋ ಮಾತೇ ಬರಲ್ಲ ಮೇಡಂ. ಬಾಗ್ಲಿಗೆ ಯಾರಾದ್ರೂ ಕೆಂಡ ಮಾರೋಕೆ ಬಂದ್ರೂ ಮಡಿಲಲ್ಲಿ ಕಟ್ಕೊಂಡು ಒಳಗೆ ಬರ್ತಾರೆ. ಮನೇಲಿ ಎರಡು ಹೊಲಿಗೆ ಮೆಷಿನ್ ಇದೆ, ಹೊಲಿಯೋರು ಒಬ್ರೂ ಇಲ್ಲ."

"ಮದುವೆ ಆದದ್ದು ಹೇಗೆ ಮತ್ತೆ?" ಎಂದು ಅಟೆಂಡರ್ ಕೆಣಕಿದ.

"ಅದೂ ಹಾಗೇ! ನಮ್ಮಪ್ಪ 'ಹುಡುಗಿ ಒಪ್ಗೆನಾ' ಅಂದ್ರು, ಇವ್ರು ಹೂಂ ಅಂದ್ರು. ನನ್ನ ಮುಖ ಸರಿಯಾಗಿ ನೋಡಿದ್ದು ಮದುವೆ ಆದ್ಮೇಲೆ. ಪುಣ್ಯಕ್ಕೆ ನಾನು ಚೆನ್ನಾಗಿದ್ದೆ."

ಅಟೆಂಡರ್ ಬಿದ್ದು ಬಿದ್ದು ನಕ್ಕ. ಆತನೂ ಕನ್ನಡಕ ಏರಿಸಿಕೊಂಡು ನಕ್ಕ. ಸಹಾಯಕಿಗೆ ನಗು ಬರಲಿಲ್ಲ. ಹೆಂಡತಿಯ ಕೈಯಲ್ಲಿ ಬೀದಿಗೆ ಬಿದ್ದ ಮಾನಕ್ಕೂ ಹೂಂ ಎನ್ನುವ ಗಂಡಸು ಆಕೆಗೆ ಬಚ್ಚಲ ಗೋಡೆಯ ಪಾಚಿಯಂತೆ ಕಂಡ: ಮೆತ್ತಗೆ, ಹಸಿಯಾಗಿ, ಎಲ್ಲಿ ಬೇಕಾದರೂ ಅಂಟಿಕೊಂಡು.

ಗ್ರಂಥಾಲಯದ ಕಟ್ಟಡಕ್ಕೆ ಎರಡು ಅಂತಸ್ತು. ಕೆಳಗೆ ಕೌಂಟರ್, ಕಪಾಟುಗಳು ಮತ್ತು ಆತನ ಕೋಣೆ. ಮೇಲೆ ಓದುವ ಹಾಲ್. ಹಾಲಿನ ಮೇಜುಗಳ ಕೆಳಗೆ ಕೈಯಿಡಬಾರದು. ಅಗಿದು ಅಂಟಿಸಿದ ಗಮ್ಮು, ಕೆಲವು ಕಲ್ಲಾಗಿ, ಕೆಲವು ಇನ್ನೂ ಮೆತ್ತಗೆ. ಪರೀಕ್ಷೆ ಹತ್ತಿರವಾದರೆ ಪುಸ್ತಕಗಳಿಂದ ಪುಟಗಳು ಹರಿದು ಹೋಗುತ್ತವೆ, ಬ್ಲೇಡಿನಿಂದ ಕೊಯ್ದಷ್ಟು ನೀಟಾಗಿ. ಕಲಿಯಲು ಬಂದವರ ನಾಜೂಕುತನ ಅದೊಂದರಲ್ಲಿ ಮಾತ್ರ ಎದ್ದು ಕಾಣುತ್ತಿತ್ತು.

ಪ್ರತಿವರ್ಷ ಕಾಲೇಜು ಶುರುವಾದೊಡನೆ ಮೊದಲ ವರ್ಷದವರು ತಂಡ ತಂಡವಾಗಿ ಮೇಲಿನ ಹಾಲಿಗೆ ಬರುತ್ತಾರೆ. ವೇಳಾಪಟ್ಟಿಯಲ್ಲಿ ಅದಕ್ಕೆ 'ಮಾಹಿತಿ ಸಾಕ್ಷರತೆ' ಎಂಬ ಭಾರದ ಹೆಸರು. ಬೇಕಾದ್ದನ್ನು ಹುಡುಕುವುದು ಹೇಗೆ, ಸಿಕ್ಕಿದ್ದನ್ನು ಎಷ್ಟು ನಂಬಬೇಕು, ನಂಬಿದ್ದನ್ನು ಹೇಗೆ ಬಳಸಬೇಕು ಎಂದು ಒಂದು ಗಂಟೆಯಲ್ಲಿ ಹೇಳಿ ಮುಗಿಸಬೇಕು. ಕೆಲಸ ಮುಖ್ಯ ಗ್ರಂಥಪಾಲಕನದು. ಗುಂಪಿನ ಎದುರು ನಿಂತರೆ ಆತನಿಗೆ ಗಂಟಲು ಕಟ್ಟುತ್ತಿದ್ದರಿಂದ ಐದಾರು ವರ್ಷಗಳಿಂದ ಅದು ಸಹಾಯಕಿಯದಾಗಿತ್ತು. ಆಕೆ ಚೆನ್ನಾಗಿ ಮಾಡುತ್ತಿದ್ದಳು. ತನಗೆ ಅದು ಗೊತ್ತೂ ಇತ್ತು.

"ಮೊದಲು ಬಂದಿದ್ದೇ ಸರಿ ಇರುತ್ತೆ ಮೇಡಂ, ಅದಕ್ಕೇ ಮೊದಲು ಬಂದಿರುತ್ತೆ" ಎಂದು ಪ್ರತಿ ತಂಡದಲ್ಲೂ ಒಬ್ಬ ಹೇಳಿಯೇ ಹೇಳುತ್ತಿದ್ದ.

"ಹಾಗಾದ್ರೆ ಬಸ್ಸಿಗೆ ಮೊದಲು ನುಗ್ಗಿದೋನೇ ಮರ್ಯಾದಸ್ಥ ಅನ್ನು. ಏನೇ ಓದಿದ್ರೂ ಮೊದಲು ಕೇಳ್ಬೇಕಾದ್ದು, ಯಾರು ಹೇಳಿದ್ದು? ಅವರಿಗೆ ಹೇಗೆ ಗೊತ್ತು?"

ಪಾಠ ಮುಗಿದ ಮೇಲೆ ಹ್ಯಾಂಡ್‌ಔಟ್ ಹಂಚುವರು. ನಾಲ್ಕು ಪುಟ, ಬರೆದದ್ದು ಮುಖ್ಯ ಗ್ರಂಥಪಾಲಕನೆಂದು ತಲೆಬರಹದ ಕೆಳಗೆ ಇತ್ತು. ಆತನೇ ಹೆಬ್ಬೆರಳು ನೆಕ್ಕಿ ಎಣಿಸಿ ಮೇಲಕ್ಕೆ ಕಳಿಸುತ್ತಿದ್ದ. ಬರಹ ಅಚ್ಚುಕಟ್ಟಾಗಿತ್ತು, ಹೂಂಸಾರಿಗೆ ಇಷ್ಟು ಬರುತ್ತದೆಯೇ ಎಂದು ಒಮ್ಮೆ ಆಕೆಗೆ ಅನಿಸಿತ್ತು, ಅನಿಸಿ ಸುಮ್ಮನಾಗಿತ್ತು. ಒಂದು ಕಡೆ ಮಾತ್ರ ಎಡವಟ್ಟು. 'ಮೌನವಾಗಿ ಓದಲು ಮೂರನೇ ಮಹಡಿಯ ಪೂರ್ವ ದಿಕ್ಕಿನ ಕೊಠಡಿಯನ್ನು ಬಳಸಿ' ಎಂದಿತ್ತು. ಪ್ರತಿವರ್ಷ ಯಾರಾದರೂ ಮೆಟ್ಟಿಲು ಮುಗಿದ ಕಡೆ ನಿಂತು ಆಕಾಶ ನೋಡುತ್ತಿದ್ದರು. ಆತನನ್ನು ಕೇಳಿದರೆ "ದುರಸ್ತೀಲಿದೆ" ಎಂದು ಕೋಣೆಯೊಳಗೆ ಸೇರಿಕೊಳ್ಳುತ್ತಿದ್ದ.

ಅಟೆಂಡರ್ ಹೇಳುವನು: "ಮೂರನೇ ಮಹಡಿ ಬೇಕಾ? ಏಣಿ ಕೊಡ್ತೀನಿ, ನೀರಿನ ಟ್ಯಾಂಕ್ ಮೇಲೆ ಕೂತ್ಕೊಂಡು ಓದ್ಕೊಳ್ಳಿ. ಪೂರ್ವ ದಿಕ್ಕು ಚೆನ್ನಾಗಿ ಕಾಣುತ್ತೆ."

ಆತನ ಪೆದ್ದುತನಗಳ ರಾಶಿಗೆ ಆಕೆ ಅದನ್ನೂ ಸೇರಿಸಿ ಮರೆತಿದ್ದಳು.

ಆ ವರ್ಷ ಒಬ್ಬ ಹುಡುಗಿ ಸಿಕ್ಕಿಬಿದ್ದಳು. ನದಿ ನೀರು ಕೆಡುವುದರ ಬಗ್ಗೆ ಕೈಬರಹದ ಪ್ರಬಂಧ ಕೊಟ್ಟಿದ್ದಳು. ವಿಭಾಗದ ಮುಖ್ಯಸ್ಥರು ಅನುಮಾನ ಬಂದು ಅದನ್ನು ಗ್ರಂಥಾಲಯಕ್ಕೆ ಕಳಿಸಿದರು. ಮೂಲ ಹುಡುಕಲು ಸಹಾಯಕಿಗೆ ಕಷ್ಟವೇ ಆಗಲಿಲ್ಲ. ಒಂದು ಸಂಸ್ಥೆಯ ವೆಬ್ ಪುಟದ ಮಕ್ಕೀಕಾಮಕ್ಕಿ ನಕಲು. ನಡುವೆ, ದುಂಡಗಿನ ಅಕ್ಷರದಲ್ಲಿ, ಸ್ಕೇಲಿಟ್ಟು ಅಡಿಗೆರೆ ಎಳೆದು, 'ಈ ಪುಟವನ್ನು ಮುದ್ರಿಸಲು ಇಲ್ಲಿ ಒತ್ತಿ' ಎಂದು ಬರೆದಿತ್ತು. ಆಕೆ ಆ ಸಾಲನ್ನು ಕೆಂಪು ಶಾಯಿಯಲ್ಲಿ ಸುತ್ತಿ ಕಳಿಸಿದಳು. ಬುದ್ಧಿ ಇಲ್ಲದಿದ್ದರೆ ಬೇಡ, ಕಣ್ಣೂ ಇಲ್ಲವೇ ಎಂದು ಅಸಹ್ಯಪಟ್ಟುಕೊಂಡಳು.

ಕಾಲೇಜು ಆಗಷ್ಟೇ ಹೊಸ ನಿಯಮ ತಂದಿತ್ತು. ನಕಲು ಸಾಬೀತಾದರೆ ಆ ವರ್ಷ ರದ್ದು. ಪ್ರಿನ್ಸಿಪಾಲರು, ವಿಭಾಗದ ಮುಖ್ಯಸ್ಥರು, ಇಬ್ಬರು ಗ್ರಂಥಪಾಲಕರು, ಇವರು ಸಮಿತಿ. ನಾಲ್ವರ ಸಹಿಯೂ ಬಿದ್ದರೆ ಮಾತ್ರ ತೀರ್ಮಾನ ಜಾರಿ. ಪ್ರಿನ್ಸಿಪಾಲರು ಸಹಾಯಕಿಯನ್ನು ಕರೆದು ಕೈ ಉಜ್ಜಿಕೊಂಡರು. "ಒಳ್ಳೇ ಕೆಲ್ಸ ಮಾಡಿದ್ರಿ ಮೇಡಂ. ಕಾಲೇಜಿಗೆ ಗ್ರೇಡ್ ಕೊಡೋ ತನಿಖೆಯೋರು ಬರ್ತಾರಲ್ಲ, ಒಂದು ಕೇಸಾದ್ರೂ ತೋರಿಸ್ಬೇಕು. ಒಂದೂ ಇಲ್ಲ ಅಂದ್ರೆ ಇವ್ರು ಕಣ್ಣೇ ಬಿಟ್ಟಿಲ್ಲ ಅಂತ ಬರ್ಕೊಳ್ತಾರೆ." ಆ ಕೈ ಉಜ್ಜುವಿಕೆಯೂ ಆಕೆಗೆ ಹಿಡಿಸಲಿಲ್ಲ. ಆದರೆ ಮೆಚ್ಚುಗೆಯನ್ನು ಬೇಡವೆನ್ನಲಿಲ್ಲ. ಬೇಸಿಗೆಗೆ ಹೂಂಸಾರ್ ನಿವೃತ್ತನಾಗುವವನಿದ್ದ. ಆ ಕುರ್ಚಿಗೆ ಯಾರೆಂದು ತೀರ್ಮಾನಿಸುವವರು ಇದೇ ಪ್ರಿನ್ಸಿಪಾಲರು.

ಸಮಿತಿ ಸೇರುವ ಹಿಂದಿನ ದಿನ ಹುಡುಗಿ ಚಿಕ್ಕಮ್ಮನನ್ನು ಕರೆದುಕೊಂಡು ಕೌಂಟರಿಗೆ ಬಂದಳು. ಚಿಕ್ಕಮ್ಮ ಆಸ್ಪತ್ರೆಯಲ್ಲಿ ಹೊದಿಕೆ ಒಗೆಯುವವಳು. ಬೆರಳ ತುದಿಗಳು ಸೋಡಾಕ್ಕೆ ಬೆಳ್ಳಗೆ ಸುಕ್ಕುಗಟ್ಟಿದ್ದವು. ಹುಡುಗಿಯ ಕೈಯಲ್ಲಿ ನಾಲ್ಕು ಮಡಿಕೆ ಮಡಿಸಿದ ಹ್ಯಾಂಡ್‌ಔಟ್ ಇತ್ತು.

"ನಾನು ಕದ್ದಿಲ್ಲ ಮೇಡಂ. ಇದ್ರಲ್ಲಿ ಹೇಳಿದ ಹಾಗೇ ಮಾಡಿದ್ದು."

"ಮುದ್ರಿಸಲು ಇಲ್ಲಿ ಒತ್ತಿ ಅಂತ ಬರ್ದಿದ್ದೀಯಲ್ಲ, ಎಲ್ಲಿ ಒತ್ಲಿ? ನಿನ್ನ ತಲೆ ಮೇಲಾ?"

"ಅದೂ ಅದ್ರಲ್ಲೇ ಇತ್ತು ಮೇಡಂ. ಅಷ್ಟು ದೊಡ್ಡೋರು ಬರ್ದಿದ್ದು, ನಾನಾಗಿ ಒಂದು ಸಾಲು ಬಿಟ್ರೆ ತಪ್ಪಾಗುತ್ತೇನೋ ಅಂತ..."

ಚಿಕ್ಕಮ್ಮ ಬಾಯಿ ಹಾಕಿದಳು. "ಕೂತು ಕೂತು ಬೆನ್ನು ನೋವು ಅಂತಿದ್ಲು ಮೇಡಂ. ಕದಿಯೋರು ಇಷ್ಟು ಕಷ್ಟ ಪಡ್ತಾರಾ? ಈ ವರ್ಷ ಹೋದ್ರೆ ಇವಳ ಚಿಕ್ಕಪ್ಪ ಮತ್ತೆ ಕಾಲೇಜು ಮೆಟ್ಲು ಹತ್ತಿಸಲ್ಲ. ಪೆಟ್ಟಿಗೆ ಕಾರ್ಖಾನೇಲಿ ಮಾತಾಡಿ ಇಟ್ಟಿದ್ದಾರೆ. ಸುದ್ದಿ ಗೊತ್ತಾದ್ರೆ ನಾಳೆನೇ ಕೆಲ್ಸಕ್ಕೆ ಕಳಿಸ್ತಾರೆ."

"ನಿಯಮ ನಾನು ಮಾಡಿದ್ದಲ್ಲಮ್ಮ."

ಹುಡುಗಿ ಹ್ಯಾಂಡ್‌ಔಟ್ ಬಿಡಿಸಿ ಕೊನೆಯ ಪುಟದ ಕೊನೆಯ ಸಾಲುಗಳ ಮೇಲೆ ಬೆರಳಿಟ್ಟಳು. 'ನಂಬಲರ್ಹ ಮೂಲ ಸಿಕ್ಕಿದ ಮೇಲೆ ನಿಮಗೆ ಬೇಕಾದ ಭಾಗವನ್ನು ತೆಗೆದುಕೊಳ್ಳಿ. ಬಳಸುವ ಕ್ರಮವನ್ನು ಮುಂದಿನ ಪುಟದಲ್ಲಿ ನೋಡಿ.'

"ಮುಂದಿನ ಪುಟ ಇಲ್ಲ ಮೇಡಂ. ಅವತ್ತು ಕ್ಲಾಸಲ್ಲಿ ಎದ್ದು ನಿಂತು ಕೇಳಿದ್ದೆ. ನೀವು 'ಅದೆಲ್ಲ ಸಾಮಾನ್ಯ ಜ್ಞಾನ, ಕೂತ್ಕೋ' ಅಂದ್ರಿ. ನನಗೆ ಆ ಸಾಮಾನ್ಯ ಜ್ಞಾನ ಇರ್ಲಿಲ್ಲ."

ಹುಡುಗಿ ಅದನ್ನು ಕೊಂಕಿನಿಂದ ಹೇಳಲಿಲ್ಲ. ಕೊಂಕಿದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಸಹಾಯಕಿ ಇಬ್ಬರನ್ನೂ ಕಳಿಸಿ, ಕಂಪ್ಯೂಟರಿನ ಮುಂದೆ ಕೂತು, ತಾನು ಪ್ರತಿ ತಂಡಕ್ಕೂ ತೋರಿಸಿಕೊಡುವ ಉಪಾಯವನ್ನು ಮೊದಲ ಬಾರಿಗೆ ಆ ಹ್ಯಾಂಡ್‌ಔಟಿನ ಮೇಲೆ ಪ್ರಯೋಗಿಸಿದಳು. ಅದರ ಒಂದು ಇಡೀ ವಾಕ್ಯವನ್ನು ಹಾಗೆಯೇ ಟೈಪು ಮಾಡಿ ಹುಡುಕಿದಳು.

ಉಗುಳು ನುಂಗುವಷ್ಟರಲ್ಲಿ ಸಿಕ್ಕಿತು. ದೂರದ ಇನ್ನೊಂದು ಕಾಲೇಜಿನ ಗ್ರಂಥಾಲಯ ತನ್ನ ಹೊಸ ವಿದ್ಯಾರ್ಥಿಗಳಿಗೆಂದು ಬರೆದಿಟ್ಟದ್ದು. ಪದಕ್ಕೆ ಪದ ಅದೇ. ಅಲ್ಲಿ ಮೂರನೇ ಮಹಡಿಯಿತ್ತು, ಅದಕ್ಕೆ ಪೂರ್ವ ದಿಕ್ಕಿನ ಕೊಠಡಿಯೂ ಇತ್ತು, ಕಿಟಕಿ ಪಕ್ಕದಲ್ಲಿ ಕೂತ ವಿದ್ಯಾರ್ಥಿಗಳ ಚಿತ್ರವೂ ಇತ್ತು. ಮತ್ತು ಅಲ್ಲಿ ಐದನೇ ಪುಟವಿತ್ತು. ಇನ್ನೊಬ್ಬರ ಮಾತನ್ನು ಬಳಸುವಾಗ ಅವರ ಹೆಸರನ್ನು ಹೇಗೆ ಹೇಳಬೇಕು, ಯಾವುದು ಎರವಲು, ಯಾವುದು ಕಳವು, ಎಲ್ಲವೂ ಆ ಪುಟದಲ್ಲಿತ್ತು.

ಆಕೆ ಅದನ್ನು ಮುದ್ರಿಸಿಕೊಂಡು ನೇರ ಆತನ ಕೋಣೆಗೆ ನುಗ್ಗಿದಳು.

"ಕದಿಯಬೇಡಿ ಅನ್ನೋ ಪಾಠನೇ ಕದ್ದಿದ್ದಾ ಸಾರ್?"

ಆತ ಕಾಗದ ನೋಡಿದ. ಮುಖ ಬೆವರಿತು. "ಹೂಂ" ಎಂದ.

"ಹೂಂ! ಅಷ್ಟೇನಾ?"

"ಆಗಿನ ಪ್ರಿನ್ಸಿಪಾಲರು ಸಂಜೆಯೊಳಗೆ ಬೇಕು ಅಂದ್ಬಿಟ್ರು. ನನಗೆ ಬರೆಯೋಕೆ ಬರಲ್ಲಮ್ಮ. ಬರಲ್ಲ ಅಂತ ಹೇಳೋಕೂ ಬರ್ಲಿಲ್ಲ."

"ಈ ಐದನೇ ಪುಟ ಏನಾಯ್ತು?"

"ಅದ್ರ ತುಂಬ ಅವ್ರ ಹೆಸರೇ ಇತ್ತು. ಉದಾಹರಣೆಗೂ ಅವ್ರದೇ ಕಾಲೇಜು, ಅವ್ರದೇ ಗ್ರಂಥಪಾಲಕರು. ಅಳಿಸ್ತಾ ಹೋದ್ರೆ ಪುಟದಲ್ಲಿ ಏನೂ ಉಳೀಲಿಲ್ಲ. ಅದಕ್ಕೇ ಬಿಟ್ಟೆ."

"ಮತ್ತೆ ಮೂರನೇ ಮಹಡಿ?"

"ಅದೊಂದು ಕಣ್ತಪ್ಪಿ ಉಳ್ಕೊಂಡ್ತು." ಆತ ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿಕೊಂಡ. "ಎಷ್ಟೋ ಸಲ ಅಂದ್ಕೊಂಡೆ, ಅಷ್ಟರಲ್ಲಿ ಒಂದು ಮಹಡಿ ಕಟ್ಟಿಬಿಟ್ರೆ ಸಾಕಿತ್ತು ಅಂತ."

ಬೇರೆ ಯಾರ ಬಾಯಿಂದ ಬಂದಿದ್ದರೂ ಆಕೆ ನಗುತ್ತಿದ್ದಳು. ಈಗ ಆತನ ಮುಂದಿದ್ದ ಕಾಗದವನ್ನು ಕಿತ್ತುಕೊಂಡಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಮೇಯ್ದ ಮೇಲೆ ತೇಗುವ ಧೈರ್ಯವೂ ಅದಕ್ಕಿರಲಿಲ್ಲ.

"ಆ ಹುಡುಗಿ ವರ್ಷ ಹೋಗುತ್ತೆ ಸಾರ್. ನಾಳೆ ಸಮಿತೀಲಿ ಇದನ್ನ ಹೇಳ್ತೀರಾ?"

"ಹೂಂ."

ಆ ಹೂಂ ಎಂಥದೆಂದು ಆಕೆಗೆ ಗೊತ್ತಿತ್ತು. ಎದುರಿಗಿದ್ದವರು ಎದ್ದು ಹೋಗಲಿ ಎಂಬುದನ್ನು ಬಿಟ್ಟು ಅದಕ್ಕೆ ಬೇರೆ ಅರ್ಥವಿರಲಿಲ್ಲ. ತಾನೇ ಹೇಳಿಬಿಡುವುದೆಂದು ನಿಶ್ಚಯಿಸಿ ಆ ಮುದ್ರಿತ ಪುಟವನ್ನು ಕೈಚೀಲದಲ್ಲಿ ಇಟ್ಟುಕೊಂಡು ಮನೆಗೆ ಹೋದಳು.

ಮರುದಿನ ಸಮಿತಿ ಕೂತಿತು. ಹೊರಗೆ ಬೆಂಚಿನ ಮೇಲೆ ಹುಡುಗಿ, ಚಿಕ್ಕಮ್ಮ. ಒಳಗೆ ಉದ್ದನೆಯ ಮೇಜು, ಫ್ಯಾನು, ಬಿಸ್ಕತ್ತಿನ ತಟ್ಟೆ. ಹೂಂಸಾರ್ ಎಂದಿನಂತೆ ಬಾಗಿಲ ಪಕ್ಕದ ಕುರ್ಚಿ ಹಿಡಿದಿದ್ದ. ಪ್ರಿನ್ಸಿಪಾಲರು ಪ್ರಬಂಧವನ್ನು ಎತ್ತಿ ಹಿಡಿದು 'ಇಲ್ಲಿ ಒತ್ತಿ' ಎಂಬ ಸಾಲನ್ನು ರಾಗವಾಗಿ ಓದಿದರು. ವಿಭಾಗದ ಮುಖ್ಯಸ್ಥರು ಬಿಸ್ಕತ್ತಿನ ಪುಡಿ ಉದುರುವಂತೆ ನಕ್ಕರು.

"ಇವರಿಗೆಲ್ಲ ಮೊದಲೇ ಕಲ್ಸಿರ್ತೀರಿ ತಾನೆ?" ಪ್ರಿನ್ಸಿಪಾಲರು ಬಾಗಿಲ ಕಡೆ ತಿರುಗಿದರು. "ನಿಮ್ಮ ಲೈಬ್ರರಿ ಕ್ಲಾಸಲ್ಲಿ?"

"ಹೂಂ ಸಾರ್."

ನೋಡಿದೆಯಾ ಎಂದು ಸಹಾಯಕಿ ತನಗೆ ತಾನೇ ಹೇಳಿಕೊಂಡಳು. ಕೈ ತೊಡೆಯ ಮೇಲಿನ ಚೀಲದ ಜಿಪ್ಪಿನ ಮೇಲಿತ್ತು. ಎಳೆದರೆ ಸಾಕು. ಆದರೆ ಎಳೆದ ಮೇಲೆ ಬರುವ ಪ್ರಶ್ನೆಯೂ ಆಕೆಗೆ ಕೇಳಿಸುತ್ತಿತ್ತು: ಇಷ್ಟು ವರ್ಷ ಇದನ್ನು ಹಿಡಿದುಕೊಂಡು ಪಾಠ ಮಾಡಿದವರು ಯಾರು? ಯಾರು ಹೇಳಿದ್ದು, ಹೇಗೆ ಗೊತ್ತು ಎಂದು ಊರಿಗೆಲ್ಲ ಹೇಳಿಕೊಡುವ ಮೇಡಂ, ಇದನ್ನು ಬರೆದವರು ಯಾರೆಂದು ಒಂದು ದಿನವೂ ಕೇಳಲಿಲ್ಲವೇ? ಕುರ್ಚಿ ನೆನಪಾಯಿತು. ಎಷ್ಟಾದರೂ ನಕಲು ನಕಲೇ, ಪುಟ ಇದ್ದರೂ ಇಲ್ಲದಿದ್ದರೂ ಎಂದುಕೊಂಡಳು. ಆ ಕ್ಷಣಕ್ಕೆ ಅದು ನ್ಯಾಯವಾಗಿಯೇ ಕಂಡಿತು.

ತೀರ್ಮಾನದ ಕಾಗದ ಮೇಜಿನ ಸುತ್ತ ಹೊರಟಿತು. ಪ್ರಿನ್ಸಿಪಾಲರ ಸಹಿ, ಮುಖ್ಯಸ್ಥರ ಸಹಿ. ಸಹಾಯಕಿಯ ಮುಂದೆ ಬಂತು. ಸಹಿ ಮಾಡಿದಳು. ಸದಾ ಮಾಡುವಂತೆ ಸ್ಪಷ್ಟವಾಗಿ, ಇಡೀ ಹೆಸರು, ಕೆಳಗೊಂದು ಗೆರೆ.

ಕಾಗದ ಬಾಗಿಲ ಪಕ್ಕಕ್ಕೆ ತಲುಪಿತು. ಆತ ನಾಲಿಗೆ ಹೊರಗೆ ಹಾಕಿ ಹೆಬ್ಬೆರಳನ್ನು ಒದ್ದೆ ಮಾಡಿಕೊಂಡ. ಅವಳು ಮುಖ ತಿರುಗಿಸಿದಳು. ಮತ್ತೆ ನೋಡಿದಾಗ ಆತ ಕಾಗದವನ್ನು ಮಗುಚಿ ಹಿಂಬದಿ ನೋಡುತ್ತಿದ್ದ. ಅಲ್ಲಿ ಏನೂ ಬರೆದಿರಲಿಲ್ಲ. ಆದರೂ ಓದುವವನಂತೆ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅದನ್ನು ಹಾಗೆಯೇ ಮೇಜಿನ ಮೇಲೆ ಪ್ರಿನ್ಸಿಪಾಲರ ಕಡೆಗೆ ಸರಿಸಿದ.

"ಸೈನ್ ಮಾಡಿ ಮತ್ತೆ."

"ಇಲ್ಲ ಸಾರ್."

ಪ್ರಿನ್ಸಿಪಾಲರು ತಮ್ಮ ಜೇಬಿನಿಂದ ಪೆನ್ನು ತೆಗೆದು ಚಾಚಿದರು. "ತಗೊಳ್ಳಿ, ಇದ್ರಲ್ಲಿ ಮಾಡಿ."

"ಪೆನ್ ಇದೆ ಸಾರ್." ಆತ ಅಂಗಿಯ ಜೇಬು ಮುಟ್ಟಿ ತೋರಿಸಿದ. "ಕಲ್ಸಿಲ್ಲ ಸಾರ್. ಆಗ ಹೂಂ ಅಂದೆ, ಬಾಯಿಗೆ ಬಂದ್ಬಿಡ್ತು. ಹೇಗೆ ಬಳಸ್ಬೇಕು ಅನ್ನೋ ಪುಟ ಒಂದಿತ್ತು. ನಾನೇ ತೆಗೆದುಹಾಕಿದ್ದೆ. ಆ ಬರಹ ನಮ್ಮದಲ್ಲ, ಬೇರೆಯೋರದು."

ಮುಖ್ಯಸ್ಥರು ಕಚ್ಚಿದ ಬಿಸ್ಕತ್ತನ್ನು ತಟ್ಟೆಗೆ ವಾಪಸು ಇಟ್ಟರು.

"ನಿವೃತ್ತಿ ಹೊಸ್ತಿಲಲ್ಲಿದ್ದೀರಿ. ಏನು ಹೇಳ್ತಿದ್ದೀರಿ ಅಂತ ಗೊತ್ತಿದೆಯೇನ್ರೀ?" ಪ್ರಿನ್ಸಿಪಾಲರು ಕೇಳಿದರು.

ಎಂದಿನ ಹೂಂ ಬರಲಿಲ್ಲ. ಆತ ನೆಲ ನೋಡುತ್ತ ಅಂದ: "ಮೇಡಂಗೆ ಇದ್ಯಾವುದೂ ಗೊತ್ತಿರ್ಲಿಲ್ಲ ಸಾರ್. ನಾನು ಕೊಟ್ಟಿದ್ದನ್ನ ಅವ್ರು ಹಂಚ್ತಿದ್ರು, ಅಷ್ಟೇ."

ನಾಲ್ಕನೇ ಸಹಿಯಿಲ್ಲದ ಕಾಗದದಿಂದ ಏನೂ ಆಗುವಂತಿರಲಿಲ್ಲ. ಇಂಥ ಕೇಸನ್ನು ತನಿಖೆಯವರ ಮುಂದಿಡುವುದಂತೂ ಆಗದ ಮಾತು. ಪ್ರಿನ್ಸಿಪಾಲರು ಅದನ್ನು ನಾಲ್ಕಾಗಿ ಹರಿದರು. ಹುಡುಗಿ ಪ್ರಬಂಧವನ್ನು ಇನ್ನೊಮ್ಮೆ ಬರೆದುಕೊಡಲಿ ಎಂದು ಮುಖ್ಯಸ್ಥರಿಗೆ ಹೇಳಿ, ನಿಮ್ಮ ವಿಷಯ ಆಮೇಲೆ ನೋಡ್ತೀನಿ ಎಂದು ಹೂಂಸಾರ್ ಕಡೆ ಬೆರಳು ತೋರಿಸಿದರು. ಹರಿದ ಚೂರೊಂದು ಅವಳ ಮುಂದೆ ಬಂದು ಬಿದ್ದಿತ್ತು. ಒದ್ದೆ ಹೆಬ್ಬೆರಳು ತಾಗಿದ ಕಡೆ ಅವಳ ಸಹಿ ನೀಲಿಯಾಗಿ ಹರಡಿಕೊಂಡಿತ್ತು.

"ಏನ್ ಮೇಡಂ," ಪ್ರಿನ್ಸಿಪಾಲರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ನಿಮಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ ತಾನೆ?"

ಚೀಲ ತೊಡೆಯ ಮೇಲೇ ಇತ್ತು. ಬಾಗಿಲ ಪಕ್ಕದ ಮನುಷ್ಯ ತಲೆ ಎತ್ತಲಿಲ್ಲ.

"ಹೂಂ ಸಾರ್" ಎಂದಳು.